ತನ್ನ ಕಾದಂಬರಿಯನ್ನು ತಾನೇ ಮಾರುವುದು ಅವಮಾನವೇ?

ರೈತನು ತಾನು ಬೆಳೆದ ಜೋಳವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಸಂತೆಗೆ ಒಯ್ದರೆ ಅವನನ್ನು ಯಾರೂ ಹಳಿಯುವುದಿಲ್ಲ. ನೇಕಾರನು ತಾನು ನೆಯ್ದ ಸೀರೆಯನ್ನು ಹೆಗಲ ಮೇಲೆ ಹೊತ್ತು ಮನೆ ಮನೆಯ ಬಾಗಿಲಿಗೆ ಹೋದರೆ ಅದನ್ನು ಯಾರೂ ನಾಚಿಕೆಗೇಡೆನ್ನುವುದಿಲ್ಲ. ಆದರೆ ಕನ್ನಡದ ಕಾದಂಬರಿಕಾರನೊಬ್ಬನು ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದ ಗ್ರಂಥವನ್ನು ತನ್ನ ಹಣದಿಂದ ಅಚ್ಚು ಹಾಕಿಸಿ, "ಕೊಳ್ಳಿರಿ" ಎಂದು ನಾಲ್ಕು ಜನರ ಮುಂದೆ ನಿಂತನೋ, ಕೂಡಲೇ ನಮ್ಮ ಸಭ್ಯರ ತುಟಿಯ ಮೇಲೆ ಒಂದು ಬಗೆಯ ಕೊಂಕು ನಗೆ ಮೂಡುತ್ತದೆ. "ಪಾಪ, ಪ್ರಕಾಶಕರು ಯಾರೂ ಸಿಕ್ಕಲಿಲ್ಲವೆಂದು ತೋರುತ್ತದೆ" ಎಂಬುದು ಒಬ್ಬರ ಮಾತು. "ಒಂದು ಪ್ರತಿ ಕೊಟ್ಟಿರಿ, ಓದಿ ಅಭಿಪ್ರಾಯ ತಿಳಿಸುತ್ತೇವೆ" ಎಂಬುದು ಇನ್ನೊಬ್ಬರ ಮಾತು. ಈ ಎರಡು ಮಾತುಗಳಲ್ಲಿ ಕನ್ನಡ ಸಾಹಿತ್ಯಕ್ಕೆ ಹೆಚ್ಚು ಹಾನಿ ಮಾಡುವುದು ಯಾವುದೆಂದು ಕೇಳಿದರೆ, ಎರಡನೆಯದೇ ಎಂದು ನಾವು ಹೇಳುವೆವು. ಅದೇಕೆಂಬುದನ್ನು ವಾಚಕ ಮಹಾಶಯರ ಮುಂದಿಡಬೇಕೆಂದೇ ಈ ಲೇಖನವನ್ನು ಕೈಕೊಂಡಿದ್ದೇವೆ.

ಕೆಲವು ದಿನಗಳ ಹಿಂದೆ ಒಬ್ಬ ಶಾಲಾ ಮಾಸ್ತರರು ನಮ್ಮ ಕಚೇರಿಗೆ ಬಂದಿದ್ದರು. ನೆಲದ ವ್ಯಾಜ್ಯವಿರಬಹುದೆಂದು ನಾವು ತಿಳಿದೆವು. ಅವರು ಕೈಚೀಲದಿಂದ ತೆಗೆದದ್ದು ಒಂದು ಕಾದಂಬರಿ ಮತ್ತು ಮಡಿಚಿ ಮಡಿಚಿ ಸವೆದ ಒಂದು ಕರಾರುಪತ್ರ. ಏಳು ವರ್ಷಗಳ ಹಿಂದೆ ಒಂದು ಪ್ರಕಾಶನ ಸಂಸ್ಥೆಗೆ ತಮ್ಮ ಉಳಿತಾಯದ ಹಣವನ್ನೇ ಕೊಟ್ಟು ಐನೂರು ಪ್ರತಿ ಅಚ್ಚು ಮಾಡಿಸಿದ್ದರಂತೆ. ಹಣ ಕೊಟ್ಟವರು ಇವರು. ಆದರೆ ಗ್ರಂಥದ ಸಕಲ ಹಕ್ಕುಗಳನ್ನೂ ಬರೆದುಕೊಂಡವರು ಅವರು! ಇನ್ನೂರು ಪ್ರತಿಗಳು ಮಾಸ್ತರರ ಮಂಚದ ಕೆಳಗೆ ಬಂದು ಕುಳಿತವು; ಉಳಿದವು ಎಲ್ಲಿ ಹೋದವೆಂಬುದಕ್ಕೆ ಲೆಕ್ಕವಿಲ್ಲ.

"ವಕೀಲ ಸಾಹೇಬರೇ, ಇದನ್ನು ಮತ್ತೆ ಅಚ್ಚು ಹಾಕಿಸಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ಆದರೆ ನನ್ನ ಪುಸ್ತಕ ನನ್ನದೇ ಅಲ್ಲವಲ್ಲ!" ಎಂದರು.

ನಾವು ಕರಾರನ್ನು ಎರಡು ಸಲ ಓದಿದೆವು. ಹಕ್ಕನ್ನು ಎಷ್ಟು ಕಾಲಕ್ಕೆ ಕೊಡಲಾಗಿದೆ ಎಂಬ ಮಾತೇ ಅದರಲ್ಲಿರಲಿಲ್ಲ. ೧೯೫೭ರ ಗ್ರಂಥಸ್ವಾಮ್ಯ ಕಾನೂನಿನ ೧೯ನೆಯ ಕಲಮಿನ ಪ್ರಕಾರ, ಹಕ್ಕಿನ ವರ್ಗಾವಣೆಯು ಬರಹದಲ್ಲಿದ್ದು ಸಹಿಯಾಗಿರಬೇಕು; ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೇ ತಿಳಿಯತಕ್ಕದ್ದು. ಆದ ಕಾರಣ ಎರಡು ವರ್ಷಗಳ ಹಿಂದೆಯೇ ಆ ಕಾದಂಬರಿಯು ಬರೆದವರ ಕೈಗೆ ಮರಳಿತ್ತು. ಅದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ. "ಮಾಸ್ತರರೇ, ಇದು ನಿಮ್ಮದೇ" ಎಂದಾಗ ಆ ಹಿರಿಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಪುಸ್ತಕವನ್ನು ಎತ್ತಿ ಎದೆಗೆ ಒತ್ತಿಕೊಂಡು, "ಹಾಗಾದರೆ ಈ ಸಲ ನಾನೇ ಅಚ್ಚು ಹಾಕಿಸಿ ನಾನೇ ಮಾರುತ್ತೇನೆ. ಜನ ನಗುವುದಿಲ್ಲವಷ್ಟೇ?" ಎಂದು ಕೇಳಿದರು.

ಅವರ ಆ ಪ್ರಶ್ನೆಗೆ ನಾವು ಇಲ್ಲಿ ಬಹಿರಂಗವಾಗಿ ಉತ್ತರ ಹೇಳಬೇಕಾಗಿದೆ. ನಗುವವರು ಕನ್ನಡದ ಇತಿಹಾಸವನ್ನು ಓದಿದವರಲ್ಲ.

ಗಳಗನಾಥರೆಂದು ನಾಡಿಗೆಲ್ಲ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ೧೮೬೯ರಲ್ಲಿ ಹುಟ್ಟಿ ೧೯೪೨ರಲ್ಲಿ ತೀರಿಕೊಂಡರು. ಅವರೂ ಶಾಲಾ ಮಾಸ್ತರರೇ. ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕ ಅವರು ಕನ್ನಡಿಗರಿಗೆ ಕಾದಂಬರಿಯ ರುಚಿಯನ್ನು ಹಚ್ಚಿದರು. ಚಂದಾದಾರರ ಬಳಗವನ್ನೇ ಕಟ್ಟಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರೆಂಬುದನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಇದು ಅವಮಾನವೆಂದಾದರೆ, ಆ ಅವಮಾನದ ಮೇಲೆಯೇ ಕನ್ನಡ ಕಾದಂಬರಿಯ ಅಡಿಗಲ್ಲು ನಿಂತಿದೆಯೆಂದು ಒಪ್ಪಬೇಕಾಗುತ್ತದೆ.

ಅವರೊಬ್ಬರೇ ಅಲ್ಲ. ಬಾಗಲಕೋಟೆಯಲ್ಲಿ ವಕೀಲಿ ಮಾಡಿದ ಕೆರೂರ ವಾಸುದೇವಾಚಾರ್ಯರು ೧೯೦೮ರಲ್ಲಿ 'ಇಂದಿರೆ'ಯನ್ನು ಕೊಟ್ಟರು. ತಾವೇ ಪತ್ರಿಕೆಗಳನ್ನು ನಡೆಸಿ ಕಥೆಗಳಿಗೆ ಓದುಗರನ್ನು ದೊರಕಿಸಿದರು. ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದವರು. ಹೆಂಗಸು ಲೇಖನಿ ಹಿಡಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಸ್ಥಾಪಿಸಿ, ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. ಶಿವರಾಮ ಕಾರಂತರು ಪುತ್ತೂರಿನ ಹರ್ಷ ಪ್ರಕಟಣಾಲಯದಿಂದಲೂ, ಕುವೆಂಪು ಅವರು ಮೈಸೂರಿನ ಉದಯರವಿ ಪ್ರಕಾಶನದಿಂದಲೂ ತಮ್ಮ ಗ್ರಂಥಗಳನ್ನು ಹೊರತಂದರು. ಜ್ಞಾನಪೀಠದ ಮನ್ನಣೆ ಪಡೆದ ಇಬ್ಬರು ಮಹನೀಯರು ತಮ್ಮ ಪುಸ್ತಕಗಳಿಗೆ ತಾವೇ ಪ್ರಕಾಶಕರಾಗಿರುವಾಗ, ತಾಲೂಕಿನ ಮಾಸ್ತರರೊಬ್ಬರು ಆ ದಾರಿ ಹಿಡಿದರೆ ನಗುವುದು ಯಾರನ್ನು ನೋಡಿ?

ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ೧೯೫೬ರ ನವೆಂಬರ್ ೧ಕ್ಕೆ ಮುಂಚೆ ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾರವಾಡದವನ ಅಧಿಕಾರಿ ಬೇರೆ, ಮಂಗಳೂರಿನವನ ಅಧಿಕಾರಿ ಬೇರೆ, ರಾಯಚೂರಿನವನ ಶಾಲೆಯ ಭಾಷೆಯೇ ಬೇರೆ. ಅಂಥ ಕಾಲದಲ್ಲಿ ಈ ಗಡಿಗಳನ್ನು ಲೆಕ್ಕಿಸದೆ ಓಡಾಡಿದ್ದು ಯಾವುದು? ಅಂಚೆಯ ಚೀಲದಲ್ಲಿ ಹೋದ ಮಾಸಪತ್ರಿಕೆ, ಲೇಖಕನ ಹೆಗಲ ಮೇಲಿನ ಪುಸ್ತಕದ ಗಂಟು. ಭೂಪಟ ಒಂದಾಗುವುದಕ್ಕೆ ಬಹಳ ಮೊದಲೇ ಓದುಗರನ್ನು ಒಂದು ಮಾಡಿದವು ಇವೇ. ವಕೀಲಿಯನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತ ಆಲೂರ ವೆಂಕಟರಾಯರು ೧೯೧೭ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದು ಜನರ ಕೈಗಿಟ್ಟದ್ದೂ ಇದೇ ಅರಿವಿನಿಂದಲೇ. ಪುಸ್ತಕ ಮಾರುವುದು ಅಂದು ನಾಡು ಕಟ್ಟುವ ಕೆಲಸವೇ ಆಗಿತ್ತು. ಖಾದಿಯ ಗಂಟನ್ನು ಹೊತ್ತು ಬೀದಿ ಬೀದಿ ತಿರುಗಿದ ಸ್ವಯಂಸೇವಕನನ್ನು ನಾವು ವ್ಯಾಪಾರಿ ಎಂದು ಕರೆಯಲಿಲ್ಲ, ದೇಶಭಕ್ತನೆಂದು ಕರೆದೆವು. ಪುಸ್ತಕ ಹೊತ್ತವನಿಗೆ ಮಾತ್ರ ಬೇರೆ ನ್ಯಾಯವೇಕೆ?

ಇಷ್ಟು ಹೇಳಿದ ಬಳಿಕ, ಬರೆಯುವವರಿಗೂ ನಾವು ಕೆಲವು ಕಟುಸತ್ಯಗಳನ್ನು ಹೇಳಲೇಬೇಕು. ಸ್ವಂತ ಪ್ರಕಾಶನವನ್ನು ಹಳಿಯುವವರ ವಾದದಲ್ಲಿ ಒಂದು ಅಂಶ ನಿಜವಾದದ್ದೇ. ಪ್ರಕಾಶಕನಿದ್ದಲ್ಲಿ, ಅವನು ತನ್ನ ಹಣಕ್ಕೆ ಹೆದರಿಯಾದರೂ ಹಸ್ತಪ್ರತಿಯನ್ನು ತೂಗಿ ನೋಡುತ್ತಾನೆ. ಬರೆದವನೇ ಪ್ರಕಾಶಕನಾದಾಗ "ಇದು ಬೇಡ" ಎನ್ನುವ ನಾಲಿಗೆ ಇಲ್ಲದಂತಾಗುತ್ತದೆ. ಇದರ ಫಲವಾಗಿ ತಿದ್ದದ ಗ್ರಂಥಗಳು, ಪುಟಕ್ಕೆ ಹತ್ತು ಅಚ್ಚಿನ ತಪ್ಪುಗಳು, ಮೂರು ಮುನ್ನುಡಿಗಳ ಭಾರಕ್ಕೆ ಕುಸಿದ ಕಥೆಗಳು ಹೊರಬೀಳುತ್ತವೆ. ಆದುದರಿಂದ ಮೊದಲನೆಯ ನಿಯಮವಿದು: ಅಚ್ಚಿಗೆ ಕೊಡುವ ಮುನ್ನ, ನಿಮ್ಮ ಹಂಗಿನಲ್ಲಿಲ್ಲದ ಇಬ್ಬರು ನಿಷ್ಠುರ ಓದುಗರಿಗೆ ಹಸ್ತಪ್ರತಿಯನ್ನು ಕೊಡಿರಿ. ಅವರು ಬೇಸರಪಟ್ಟ ಅಧ್ಯಾಯವನ್ನು ಮಮತೆಯಿಲ್ಲದೆ ಕಡಿಯಿರಿ. ಕರಡಚ್ಚನ್ನು ತಿದ್ದಲು ಬಲ್ಲವರಿಗೆ ಹಣ ಕೊಟ್ಟು ಒಪ್ಪಿಸಿರಿ. ತಾನು ಬರೆದ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲವೆಂಬುದು ಮಾಸ್ತರರಿಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯದು, ಲೆಕ್ಕ. ನಮ್ಮ ಲೇಖಕರು ಲೆಕ್ಕವೆಂದರೆ ಸರಸ್ವತಿಗೆ ಮೈಲಿಗೆಯೆಂದು ತಿಳಿಯುತ್ತಾರೆ. ತಿಳುವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಹಿಡಿಯೋಣ. ೨೪೦ ಪುಟದ ಕಾದಂಬರಿ, ಎಂದರೆ ಹದಿನಾರು ಪುಟಕ್ಕೊಂದರಂತೆ ಹದಿನೈದು ಫಾರಂ. ಐನೂರು ಪ್ರತಿಗೆ ಪುಟಜೋಡಣೆ, ಕಾಗದ, ಅಚ್ಚು, ಮುಖಪುಟ, ಕಟ್ಟುವಿಕೆ ಎಲ್ಲ ಸೇರಿ ಅರವತ್ತು ಸಾವಿರ ರೂಪಾಯಿ ತಗಲಿತೆಂದು ಇಟ್ಟುಕೊಳ್ಳೋಣ. ಪ್ರತಿಯೊಂದಕ್ಕೆ ೧೨೦ ರೂಪಾಯಿ. ಬೆಲೆಯನ್ನು ೨೫೦ ಎಂದು ಇಟ್ಟು, ಅಂಗಡಿಯವನಿಗೆ ನೂರಕ್ಕೆ ೩೫ರಂತೆ ಕಮಿಷನ್ ಬಿಟ್ಟರೆ, ಲೇಖಕನ ಕೈಗೆ ಬರುವುದು ೧೬೨ ರೂಪಾಯಿ ೫೦ ಪೈಸೆ. ಹಾಕಿದ ಹಣ ಮರಳಬೇಕಾದರೆ ೩೭೦ ಪ್ರತಿಗಳು ಮಾರಬೇಕು. ಈಗ ನಮ್ಮ ಲೇಖಕ ಮಹಾಶಯನು ಬಿಡುಗಡೆಯ ಸಮಾರಂಭದಲ್ಲಿ, ಬಂಧು ಬಳಗಕ್ಕೆ, ಅಧ್ಯಕ್ಷರಿಗೆ, ಅತಿಥಿಗಳಿಗೆ, ಗೆಳೆಯರಿಗೆ ಎಂದು ನೂರು ಪ್ರತಿಗಳನ್ನು ಪುಕ್ಕಟೆಯಾಗಿ ಹಂಚಿದನೆನ್ನಿ. ಉಳಿದ ೪೦೦ರಲ್ಲಿ ೩೭೦ ಮಾರಿದ ಮೇಲೆಯೇ ಅವನ ಕೈ ಸಮವಾಗುವುದು! ಅದೇ ಪುಸ್ತಕವನ್ನು ಓದುಗನಿಗೆ ನೇರವಾಗಿ, ಅಂಚೆಯ ವೆಚ್ಚವನ್ನು ಕೊಳ್ಳುವವನೇ ಕೊಡುವಂತೆ ಮಾಡಿ ಮಾರಿದರೆ, ೨೪೦ ಪ್ರತಿಗಳಿಗೆ ಹಣವೆಲ್ಲ ಮರಳುತ್ತದೆ. ಎಂದ ಬಳಿಕ ಲೇಖಕನನ್ನು ಮುಳುಗಿಸುವುದು ಅಂಗಡಿಯವನ ಕಮಿಷನ್ನಿಗಿಂತ ಹೆಚ್ಚಾಗಿ ನಮ್ಮ 'ಗೌರವಪ್ರತಿ'ಯ ಚಾಳಿಯೇ ಎಂಬುದು ಯಾರಿಗಾದರೂ ತಿಳಿದೀತು.

ಐನೂರು ಪ್ರತಿಗಳನ್ನು ಒಮ್ಮೆಲೇ ಹಾಕಿಸಬೇಕೆಂಬ ನಿರ್ಬಂಧವೂ ಈಗ ಇಲ್ಲ. ಮೊಳೆ ಜೋಡಿಸುವ ಕಾಲ ಹೋಗಿ ಗಣಕದ ಕಾಲ ಬಂದಿದೆ. ಐವತ್ತು, ನೂರು ಪ್ರತಿಗಳನ್ನಷ್ಟೇ ಹಾಕಿಕೊಡುವ ಮುದ್ರಣಾಲಯಗಳಿವೆ. ಪ್ರತಿಯೊಂದರ ವೆಚ್ಚ ಹೆಚ್ಚಾಗುವುದು ನಿಜ. ಆದರೆ ಮಂಚದ ಕೆಳಗೆ ಗೆದ್ದಲಿಗೆ ಆಹಾರವಾಗುವ ಮುನ್ನೂರು ಪ್ರತಿಗಳ ವೆಚ್ಚಕ್ಕಿಂತ ಅದು ಕಡಿಮೆಯೇ. ಮೊದಲು ನೂರು ಹಾಕಿಸಿ, ಅವು ತೀರಿದ ಮೇಲೆ ಮತ್ತೆ ನೂರು ಹಾಕಿಸುವುದು ಜಾಣತನ.

ಮೂರನೆಯದು, ಕಾನೂನು. ಗ್ರಂಥಸ್ವಾಮ್ಯವು ಬರೆದ ಕ್ಷಣದಲ್ಲಿಯೇ ಹುಟ್ಟುತ್ತದೆ; ಅದನ್ನು ನೋಂದಾಯಿಸುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. ಅದು ಲೇಖಕನ ಜೀವಮಾನವೆಲ್ಲ ಇದ್ದು, ಅವನ ತರುವಾಯ ಅರವತ್ತು ವರ್ಷ ಅವನ ವಾರಸುದಾರರಿಗೆ ಸಲ್ಲುತ್ತದೆ. ಇಂಥ ಆಸ್ತಿಯನ್ನು ಓದದೆ ಸಹಿ ಹಾಕಿ ಕೊಡುವವನು ಹೊಲದ ಖರೀದಿಪತ್ರಕ್ಕೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದವನಿಗಿಂತ ಜಾಣನಲ್ಲ. ಪ್ರಕಾಶಕರೊಡನೆ ಕರಾರು ಮಾಡುವುದಾದರೆ ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಪ್ರತಿ, ಎಷ್ಟು ಗೌರವಧನ ಎಂಬ ನಾಲ್ಕನ್ನೂ ಬರೆಯಿಸಿರಿ. ಕೊಂಡ ಹಕ್ಕನ್ನು ಒಂದು ವರ್ಷದವರೆಗೆ ಉಪಯೋಗಿಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುವುದೆಂಬುದೂ ನೆನಪಿರಲಿ. "ನೀವು ಹಣ ಕೊಡಿ, ನಾವು ಪ್ರಕಾಶಕರೆನಿಸಿಕೊಳ್ಳುತ್ತೇವೆ" ಎನ್ನುವವನ ಮುಂದೆ ಒಂದೇ ಪ್ರಶ್ನೆಯಿಡಿರಿ: ಹಣ ನನ್ನದಾದ ಮೇಲೆ ಹಕ್ಕು ನಿಮ್ಮದು ಹೇಗೆ?

ತಾನೇ ಪ್ರಕಾಶಕನಾದವನಿಗೆ ಕೆಲವು ಕರ್ತವ್ಯಗಳೂ ಉಂಟು. ಐಎಸ್‌ಬಿಎನ್ ಎಂಬ ಹದಿಮೂರು ಅಂಕೆಯ ಗುರುತನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರಕಾರಿ ಸಂಸ್ಥೆಯಿಂದ ಪುಕ್ಕಟೆಯಾಗಿ ಪಡೆಯಬಹುದು. ಇದಕ್ಕೆ ದಲ್ಲಾಳಿಗೆ ಹಣ ತೆರುವ ಕಾರಣವಿಲ್ಲ. ೧೯೫೪ರ ಕಾನೂನಿನಂತೆ ಕೊಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಪ್ರಕಟಣೆಯ ಮೂವತ್ತು ದಿನಗಳೊಳಗೆ ಪ್ರತಿಗಳನ್ನು ಕಳುಹಿಸತಕ್ಕದ್ದು. ಪುಕ್ಕಟೆ ಪ್ರತಿಗೆ ನಿಜವಾಗಿ ಅರ್ಹವಾದ ಸ್ಥಳಗಳು ಇವು. ಏಕೆಂದರೆ ನೂರು ವರ್ಷಗಳ ಮೇಲೆ ನಿಮ್ಮ ಕಾದಂಬರಿಯನ್ನು ಹುಡುಕುವವನಿಗೆ ಅದು ಅಲ್ಲಿ ಸಿಕ್ಕೀತು.

ಇನ್ನು ಮಾರಾಟ. ಬಹುಮಂದಿ ಲೇಖಕರ ಕಣ್ಣು ಸರಕಾರದ ಗ್ರಂಥಾಲಯಗಳ ಸಗಟು ಖರೀದಿಯ ಮೇಲೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾನೂನು ೧೯೬೫ರಲ್ಲಿ ಬಂದು, ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ಜನರು ತೆರುತ್ತ ಬಂದಿದ್ದಾರೆ. ಆ ಹಣದಿಂದ ಕನ್ನಡ ಪುಸ್ತಕಗಳನ್ನು ಕೊಳ್ಳುವುದು ನ್ಯಾಯವೇ. ಹೊಸಬರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಸಹಾಯಧನ ಕೊಡುವುದೂ ಸ್ತುತ್ಯವಾದದ್ದು. ಆದರೆ ಸರಕಾರದ ಖರೀದಿಯನ್ನೇ ನಂಬಿ ಬರೆಯುವವನು ಆಯ್ಕೆಸಮಿತಿಯ ಓದುಗರಿಗಾಗಿ ಬರೆಯುತ್ತಾನೆಯೇ ಹೊರತು ಜನರಿಗಾಗಿ ಬರೆಯುವುದಿಲ್ಲ. ಅವನ ಪುಸ್ತಕವು ಕಪಾಟಿನಿಂದ ಕಪಾಟಿಗೆ ಹೋಗುತ್ತದೆ. ಕೈಯಿಂದ ಕೈಗೆ ಹೋಗುವುದಿಲ್ಲ. ಅನುದಾನವು ಊರುಗೋಲಾಗಲಿ, ಕಾಲೇ ಆಗಬಾರದು.

ಇದಕ್ಕೆ ಬೇರೊಂದು ದಾರಿಯನ್ನು ಧಾರವಾಡವು ಎಂದೋ ತೋರಿಸಿಕೊಟ್ಟಿದೆ. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದ ಮೇಲೆ ಬೆಳೆಯಿತು. ಓದುಗರು ಮುಂಗಡವಾಗಿ ಚಂದಾ ಕೊಡುವುದು, ಪುಸ್ತಕಗಳು ಅವರ ಮನೆಗೆ ಬರುವುದು. ಅಟ್ಟದ ಮೇಲಿನ ಒಂದು ಕೋಣೆಯಿಂದ ನಡೆದ ಈ ಸಾಹಸವೇ ೧೯೬೫ರಲ್ಲಿ 'ಸಂಸ್ಕಾರ'ದಂಥ ಕಾದಂಬರಿಯನ್ನು ನಾಡಿನ ಕೈಗಿಟ್ಟಿತು. ಒಬ್ಬೊಬ್ಬ ಲೇಖಕನೂ ಈ ಮಾರ್ಗವನ್ನು ಸಣ್ಣದಾಗಿ ಅನುಸರಿಸಬಲ್ಲನು. ಅಚ್ಚಿಗೆ ಮುಂಚೆಯೇ ಇನ್ನೂರು ಓದುಗರು ತಲಾ ಇನ್ನೂರು ರೂಪಾಯಿ ಕಳಿಸಿದರೆ ನಲವತ್ತು ಸಾವಿರವಾಯಿತು. ಮೇಲೆ ಹಿಡಿದ ಲೆಕ್ಕದಲ್ಲಿ ಇದು ವೆಚ್ಚದ ಮೂರರಲ್ಲಿ ಎರಡು ಪಾಲು. ಗಳಗನಾಥರು ಕಾಲ್ನಡೆಯಲ್ಲಿ ಹೋಗಿ ಕಂಡ ಓದುಗನನ್ನು ಇಂದು ವಾಟ್ಸಾಪಿನ ಒಂದು ಸಂದೇಶ ಮುಟ್ಟುತ್ತದೆ. ಹಣವು ಮೊಬೈಲಿನಲ್ಲಿಯೇ ಬಂದು ಸೇರುತ್ತದೆ. ಸಾಧನ ಹೀಗೆ ಸುಲಭವಾಗಿರುವಾಗ ಸಂಕೋಚವೊಂದೇ ಅಡ್ಡ ನಿಂತಿರುವುದು.

ಆದರೂ ಸಾಧನಗಳ ಒಡೆತನ ಯಾರದೆಂಬುದನ್ನು ಮರೆಯಲಾಗದು. ೨೦೧೬ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿಯು ತನ್ನ ಕಿಂಡಲ್ ವಿದ್ಯುನ್ಮಾನ ಪುಸ್ತಕಗಳಿಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಸ್ಥಾನ ಸಿಕ್ಕಿತು, ಕನ್ನಡಕ್ಕೆ ಸಿಕ್ಕಲಿಲ್ಲ. ಪರರ ಅಂಗಡಿಯ ಬಾಗಿಲಲ್ಲಿ ನಿಂತು ಕಾಯುವ ಭಾಷೆಗೆ ಆಗುವುದು ಹೀಗೆಯೇ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂಥ ಮಳಿಗೆಗಳು ಆ ಕೊರತೆಯನ್ನು ತುಂಬಲು ಹೊರಟಿವೆ. ಸ್ವದೇಶಿಯ ಪಾಠವನ್ನು ನಾವು ಬಟ್ಟೆಯಲ್ಲಿ ಕಲಿತಿದ್ದೆವು, ಅಕ್ಷರದಲ್ಲಿಯೂ ಕಲಿಯಬೇಕಾಗಿದೆ.

ಕೊನೆಯದಾಗಿ ನಮ್ಮ ಮಾತು ಓದುಗರಿಗೆ, ವಿಶೇಷವಾಗಿ ಉಪಾಧ್ಯಾಯ ಮಹಾಶಯರಿಗೆ. ನಾಡು ಒಂದಾಗಿ ದಶಕಗಳೇ ಕಳೆದವು. ಆದರೂ ಧಾರವಾಡದಲ್ಲಿ ಅಚ್ಚಾದ ಕಾದಂಬರಿಯು ಮಂಗಳೂರಿನ ಅಂಗಡಿಯಲ್ಲಿ ದೊರೆಯುವುದೆಂಬ ಭರವಸೆಯಿಲ್ಲ. ಅನೇಕ ತಾಲೂಕಿನ ಊರುಗಳಲ್ಲಿ ಪಠ್ಯಪುಸ್ತಕವನ್ನು ಬಿಟ್ಟರೆ ಬೇರೆ ಕನ್ನಡ ಪುಸ್ತಕ ಸಿಕ್ಕುವ ಅಂಗಡಿಯೇ ಇಲ್ಲ. ಭೂಪಟದಲ್ಲಿ ಅಳಿಸಿಹೋದ ಗಡಿಗಳು ಪುಸ್ತಕದ ದಾರಿಯಲ್ಲಿ ಇನ್ನೂ ಉಳಿದಿವೆ. ಇವನ್ನು ಅಳಿಸಲು ಯಾವ ಆಯೋಗವೂ ಬೇಕಾಗಿಲ್ಲ. ಪ್ರತಿಯೊಂದು ಶಾಲೆಯ ಉಪಾಧ್ಯಾಯರು ಕೂಡಿ ತಿಂಗಳಿಗೊಂದು ಹೊಸ ಕನ್ನಡ ಕಾದಂಬರಿಯನ್ನು, ಅದೂ ಬೇರೆ ಜಿಲ್ಲೆಯ ಲೇಖಕನದನ್ನು, ಪೂರ್ಣ ಬೆಲೆ ಕೊಟ್ಟು ತರಿಸಿ ಓದಲಿ. ಊರಿನ ಸಮಾರಂಭಗಳಲ್ಲಿ ಶಾಲು ಹಾರಗಳಿಗೆ ಸುರಿಯುವ ಹಣದಲ್ಲಿ ನಾಲ್ಕು ಪುಸ್ತಕಗಳು ಬರಲಿ. ಮತ್ತು ಯಾವ ಲೇಖಕನ ಮುಂದೆಯೂ ಪುಕ್ಕಟೆ ಪ್ರತಿಗಾಗಿ ಕೈ ಚಾಚುವುದಿಲ್ಲವೆಂದು ನಮ್ಮಲ್ಲಿ ಪ್ರತಿಯೊಬ್ಬರೂ ವ್ರತ ತೊಡೋಣ. ಅವನು ಪ್ರೀತಿಯಿಂದ ಕೊಟ್ಟರೂ, "ಮೊದಲು ಬೆಲೆ ತೆಗೆದುಕೊಳ್ಳಿರಿ, ಆಮೇಲೆ ಸಹಿ ಹಾಕಿ ಕೊಡಿರಿ" ಎನ್ನೋಣ.

ಆ ಮಾಸ್ತರರು ತಮ್ಮ ಕಾದಂಬರಿಯನ್ನು ತಿದ್ದುತ್ತಿದ್ದಾರೆ. ಮೊದಲಿಗೆ ನೂರು ಪ್ರತಿ ಹಾಕಿಸುವರಂತೆ. ನಾವು ಒಂದರ ಬೆಲೆಯನ್ನು ಮುಂಗಡವಾಗಿ ಕೊಟ್ಟು ರಶೀದಿ ಬರೆಯಿಸಿಕೊಂಡಿದ್ದೇವೆ. ರಶೀದಿಯ ಮೇಲೆ ಅವರು ಒಂದನೆಯ ಅಂಕೆ ಹಾಕಿದ್ದಾರೆ. ಉಳಿದ ತೊಂಬತ್ತೊಂಬತ್ತು ಅಂಕೆಗಳು ಕನ್ನಡಿಗರ ಮೇಲಿನ ಸಾಲ.